ಬಿಳೇಕಹಳ್ಳಿಯಾಚೆ ಅಮ್ಮನ ಮುನಿಸು

ಮಾರ್ಚ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನೂ ಅಮ್ಮನೂ ಕತ್ರಿಗುಪ್ಪೆಯ ನಮ್ಮ ಮನೆಗೆ ಬೀಗ ಹಾಕಿ ಹೊರಟೆವು. ಹೋಗಬೇಕಾಗಿದ್ದದ್ದು ಬನ್ನೇರುಘಟ್ಟ ರಸ್ತೆಯಲ್ಲಿ ಬಿಳೇಕಹಳ್ಳಿ ದಾಟಿ ಸ್ವಲ್ಪ ಒಳಗಿರುವ ಒಂದು ಧ್ಯಾನಮಂದಿರಕ್ಕೆ. ದೂರ ಹೆಚ್ಚೆಂದರೆ ಹತ್ತು ಹನ್ನೊಂದು ಕಿಲೋಮೀಟರ್. ನಮ್ಮ ಚರ್ಚಿನ ಕೆಲವರು ಜೆರುಸಲೇಮಿಗೆ, ರೋಮಿಗೆ ಹೋಗಿಬಂದು ವರ್ಷಗಟ್ಟಲೆ ಫೋಟೋ ತೋರಿಸುತ್ತಾರೆ. ನನ್ನ ಬಳಿ ಹೇಳಲು ಇರುವುದು ಈ ಹನ್ನೊಂದು ಕಿಲೋಮೀಟರ್ ಮಾತ್ರ. ಆದರೂ ಹೇಳುತ್ತೇನೆ.

ನನ್ನ ಹೆಸರು ಸಿಸಿಲಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ, ವಯಸ್ಸು ಐವತ್ಮೂರು. ಅಮ್ಮ ಲೂರ್ದಮ್ಮನಿಗೆ ಎಪ್ಪತ್ತೇಳು. ಕನಕಪುರದ ಕಡೆಯ ಹಳ್ಳಿಯಲ್ಲಿ ನಾಲ್ಕನೇ ತರಗತಿವರೆಗೆ ಓದಿ, ಮದುವೆಯಾಗಿ ಬೆಂಗಳೂರಿಗೆ ಬಂದು, ಜಯನಗರದ ಒಂದು ನರ್ಸರಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಆಯಾ ಆಗಿ ದುಡಿದವಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಮ್ಮನ ಒಂದು ಅಭ್ಯಾಸ ನಮ್ಮ ಬೀದಿಗೆಲ್ಲ ಗೊತ್ತು. ಮಧ್ಯಾಹ್ನ ಮೂರು ಗಂಟೆಗೆ ಚರ್ಚಿಗೆ ಹೋಗುತ್ತಾಳೆ. ಯಾರೂ ಇಲ್ಲದ ಹೊತ್ತು. ಎಡಗಡೆಯ ಮೂರನೇ ಬೆಂಚಿನಲ್ಲಿ ಒಂದು ಗಂಟೆ ಸುಮ್ಮನೆ ಕೂರುತ್ತಾಳೆ. ಕೈಯಲ್ಲಿ ಜಪಸರ ಇಲ್ಲ, ಪುಸ್ತಕ ಇಲ್ಲ, ತುಟಿ ಅಲ್ಲಾಡುವುದಿಲ್ಲ. ನಾಲ್ಕಕ್ಕೆ ಎದ್ದು, ದಾರಿಯಲ್ಲಿ ಸೊಪ್ಪು ಕೊಂಡು ಮನೆಗೆ ಬರುತ್ತಾಳೆ. ಇಪ್ಪತ್ತು ವರ್ಷದ ಮೇಲಾಯಿತು, ಇದು ತಪ್ಪಿದ್ದನ್ನು ನಾನು ಕಂಡಿಲ್ಲ.

ಹಿಂದೆ ನಮ್ಮ ಚರ್ಚಿನಲ್ಲಿದ್ದ ಫಾದರ್ ಇನ್ನಾಸಪ್ಪನವರು ಇದನ್ನು ಗಮನಿಸಿದ್ದರು. ಅವರು ಗುರುಮಠದಲ್ಲಿ, ಅಂದರೆ ಪಾದ್ರಿಗಳಾಗುವವರು ಓದುವ ಕಡೆ, ಅನುಭಾವಿಗಳ ಪ್ರಾರ್ಥನೆಯ ಬಗ್ಗೆ ನಲವತ್ತು ವರ್ಷ ಪಾಠ ಮಾಡಿದವರು. ಫೆಬ್ರವರಿಯಲ್ಲಿ, ಈಸ್ಟರಿಗೆ ಅಂದರೆ ನಮ್ಮ ಪಾಸ್ಕಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು ಹತ್ತಿರವಾದಾಗ, ಫೋನ್ ಮಾಡಿದರು. "ಸಿಸಿಲಿ, ತಪಸ್ಸು ಕಾಲದಲ್ಲಿ ಮೂರು ದಿನದ ಧ್ಯಾನಕೂಟ ಇಟ್ಕೊಂಡಿದ್ದೀವಿ. ಮೌನ ಪ್ರಾರ್ಥನೆ ಮತ್ತು ದೀನತೆ ಅಂತ ವಿಷಯ. ಪುಸ್ತಕದಲ್ಲಿರೋದನ್ನ ನಾನು ಹೇಳ್ತೀನಿ. ಒಂದು ಗಂಟೆ ನಿಮ್ಮಮ್ಮ ಮಾತಾಡ್ಲಿ. ಬೇರೆ ರಾಜ್ಯದ ಸಿಸ್ಟರ್‌ಗಳು ಬರ್ತಾರೆ, ನೀವು ಇಂಗ್ಲಿಷಿಗೆ ಹೇಳಿ."

ಫೋನಿಟ್ಟ ಮೇಲೆ ನಾನು ನೆಲದ ಮೇಲೆ ಇರಲಿಲ್ಲ. ನಾಲ್ಕನೇ ಕ್ಲಾಸು ಓದಿದ ನನ್ನಮ್ಮ ಕನ್ಯಾಸ್ತ್ರೀಯರಿಗೆ ಪ್ರಾರ್ಥನೆಯ ಪಾಠ ಹೇಳುತ್ತಾಳೆ! ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಅಮ್ಮ ಮಾತ್ರ, "ನಂಗೇನ್ ಗೊತ್ತು ಅಂತ ಕರೀತಾರೆ?" ಎಂದಳು. ಕೊನೆಗೆ, "ಸ್ವಾಮ್ಯೋರು ಕೇಳಿದ್ರಲ್ಲ, ಇಲ್ಲ ಅನ್ನಕ್ಕಾಗಲ್ಲ" ಎಂದು ಒಪ್ಪಿದಳು. ಅವಳಿಗಾಗಿ ನಾನು ಮೂರು ಪುಟದ ಭಾಷಣ ಬರೆದೆ. ಅದರಲ್ಲಿ ಅಮ್ಮನ ಬಾಲ್ಯದ ಭಕ್ತಿ ಇತ್ತು, ಬಡತನದಲ್ಲಿ ಕಂಡ ದೇವರಿದ್ದ, ಕೊನೆಯಲ್ಲಿ ಒಳ್ಳೆಯ ಮುಕ್ತಾಯವೂ ಇತ್ತು. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಎರಡು ಸಲ ಓದಿ ಹೇಳಿದೆ. ಅಮ್ಮ ಕೇಳಿಸಿಕೊಂಡು ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

ಹೊರಡುವಾಗ ಪಕ್ಕದ ಮನೆಯ ಕಮಲಾ ಆಂಟಿ ಒಂದು ಡಬ್ಬಿ ಕೋಡುಬಳೆ ತಂದುಕೊಟ್ಟರು. "ನಮ್ಮ ಮಠಗಳಲ್ಲೂ ಹಿಂಗೆ ಮೌನ ಮಾಡ್ತಾರೆ ಲೂರ್ದಮ್ಮ. ಆದ್ರೆ ಮಾತಾಡದೆ ಇರೋದ್ರ ಬಗ್ಗೆ ಭಾಷಣ ಮಾಡೋದು ಹೆಂಗೆ?" ಎಂದು ನಕ್ಕರು. ಅಮ್ಮನೂ ನಕ್ಕಳು. "ಅದೇ ನಂಗೂ ಗೊತ್ತಾಗ್ತಿಲ್ಲ ಕಣ್ರೀ" ಎಂದಳು.

ಕತ್ರಿಗುಪ್ಪೆಯಿಂದ ಬನಶಂಕರಿಗೆ ಬಸ್ಸಿನಲ್ಲಿ ಹೋದೆವು. ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಕಂಡಕ್ಟರ್ ಅಮ್ಮನ ಮುಖ ನೋಡಿಯೇ ಶೂನ್ಯದ ಚೀಟಿ ಹರಿದುಕೊಟ್ಟರು. ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಒಂದೇ ಸ್ಟೇಷನ್ ಆದಮೇಲೆ ಆರ್.ವಿ. ರೋಡಿನಲ್ಲಿ ಇಳಿದು, ಹೊಸ ಹಳದಿ ಮಾರ್ಗಕ್ಕೆ ಬದಲಾಯಿಸಿದೆವು. ಅಮ್ಮ ಟೋಕನನ್ನು ಚರ್ಚಿನಲ್ಲಿ ಕೊಡುವ ಪರಮಪ್ರಸಾದದಂತೆ ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು. ಈ ರೈಲು ಚಾಲಕನಿಲ್ಲದೆಯೂ ಓಡಬಲ್ಲದು ಎಂದು ನಾನು ಹೇಳಿದಾಗ ಎದ್ದು ಮುಂದಿನ ಗಾಜಿನ ಕಡೆ ಇಣುಕಿ, "ಹಂಗಾದ್ರೆ ಯಾರನ್ನ ಬೈಯೋದು, ಲೇಟಾದ್ರೆ?" ಎಂದು ಕೇಳಿದಳು. ಪಕ್ಕದಲ್ಲಿದ್ದ ಹುಡುಗಿಯರು ನಕ್ಕರು. ಕೆಳಗೆ ಜಯನಗರದ ಮರಗಳ ನೆತ್ತಿ ಕಾಣುತ್ತಿತ್ತು. ಎಲೆಯುದುರಿಸಿ ಬರೀ ಗುಲಾಬಿ ಹೂವಾಗಿ ನಿಂತ ಮರಗಳನ್ನು ಅಮ್ಮ ಮೊದಲ ಸಲ ಮೇಲಿನಿಂದ ನೋಡಿದಳು.

ಜಯದೇವ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಬಿಸಿಲು ಏರಿತ್ತು. ಬನ್ನೇರುಘಟ್ಟ ರಸ್ತೆಗೆ ಆಟೋ ಹಿಡಿದೆವು. ಚಾಲಕ ನೂರಾ ಅರವತ್ತು ಕೇಳಿ ನೂರಾ ಮೂವತ್ತಕ್ಕೆ ಒಪ್ಪಿದ. ಮೆಟ್ರೋ ಕಂಬಗಳ ಕೆಳಗೆ ಇಪ್ಪತ್ತು ನಿಮಿಷ ತೆವಳಿದ ಮೇಲೆ ಬಿಳೇಕಹಳ್ಳಿ ಬಂತು. ಅಲ್ಲಿಂದ ಧ್ಯಾನಮಂದಿರಕ್ಕೆ ಎಂದು ಹೇಳಿದಾಗ ಆತ ಹಿಂದಕ್ಕೆ ತಿರುಗಿದ. "ಅಲ್ಲಿ ಯಾರೂ ಮಾತಾಡಲ್ವಂತೆ, ನಿಜಾನಾ ಅಜ್ಜಿ? ನಾನು ಒಂದಿನ ಒಬ್ಬರು ಮೇಡಂನ ಬಿಟ್ಟೆ. ಚೇಂಜ್ ಇಲ್ಲ ಅಂದ್ರೆ ಅದಕ್ಕೂ ಬಾಯಿ ಬಿಡ್ಲಿಲ್ಲ, ಬರೀ ಕೈ ಮುಗಿದ್ರು." ಅಮ್ಮನಿಗೆ ಇದು ಬಹಳ ಹಿಡಿಸಿತು. ಉಳಿದ ದಾರಿಯುದ್ದಕ್ಕೂ ಅವನ ಹೆಂಡತಿ ಮಕ್ಕಳ ವಿಚಾರ ಕೇಳಿಕೊಂಡು ಬಂದಳು. ಮೂರು ದಿನದ ಮಾತನ್ನು ಮುಂಗಡವಾಗಿ ಆಡಿ ಮುಗಿಸುತ್ತಿದ್ದಾಳೆ ಅನ್ನಿಸಿತು.

ಧ್ಯಾನಮಂದಿರ ಇದ್ದದ್ದು ನಾಲ್ಕು ದೊಡ್ಡ ಅಪಾರ್ಟ್‌ಮೆಂಟುಗಳ ನಡುವೆ, ಯಾರೋ ಮರೆತುಬಿಟ್ಟ ತೋಟದ ಹಾಗೆ. ಹಂಚಿನ ಉದ್ದನೆಯ ಕಟ್ಟಡ, ಹಿಂದೆ ಮಾವಿನ ಮರಗಳು, ನಡುವೆ ಸಣ್ಣ ಪ್ರಾರ್ಥನಾಲಯ. ಕಾಂಪೌಂಡಿನಾಚೆ ಈಜುಕೊಳದಲ್ಲಿ ಮಕ್ಕಳ ಕೂಗು, ಅದರಾಚೆ ಲಾರಿಗಳ ಹಾರ್ನ್. ಅಲ್ಲಿಯ ಮೇಲ್ವಿಚಾರಕಿ ಸಿಸ್ಟರ್ ಆನ್ಸಿ ಕೇರಳದವರು, ಕನ್ನಡ ಚೆನ್ನಾಗಿ ಆಡುತ್ತಾರೆ. ನನ್ನ ಮೊಬೈಲನ್ನು ಬಟ್ಟೆಯ ಚೀಲಕ್ಕೆ ಹಾಕಿ ನಂಬರಿನ ಬಿಲ್ಲೆ ಕಟ್ಟಿದರು. "ಊಟದ ಹೊತ್ತಲ್ಲೂ ಮಾತಿಲ್ಲ ಆಂಟಿ, ಆಗುತ್ತಾ?" ಎಂದು ಅಮ್ಮನನ್ನು ಕೇಳಿದರು. "ನಂಗಾಗುತ್ತೆ. ಇವಳದ್ದೇ ಕಷ್ಟ" ಎಂದಳು ಅಮ್ಮ.

ಅದು ನಿಜವಾಯಿತು. ಒಟ್ಟು ಮೂವತ್ತೈದು ಜನ ಬಂದಿದ್ದೆವು. ಹೆಚ್ಚಿನವರು ಕೇರಳ, ಜಾರ್ಖಂಡ್, ಮಿಜೋರಾಂ ಕಡೆಯ ಸಿಸ್ಟರ್‌ಗಳು, ಮೂವರು ಗುರುಮಠದ ವಿದ್ಯಾರ್ಥಿಗಳು, ಮೂರ್ನಾಲ್ಕು ದಂಪತಿಗಳು. ಮಧ್ಯಾಹ್ನ ಚಪಾತಿ, ಹೆಸರುಕಾಳಿನ ಪಲ್ಯ, ಅನ್ನ, ತಿಳಿಸಾರು. ಚಮಚದ ಸದ್ದು ಬಿಟ್ಟು ಬೇರೇನೂ ಇಲ್ಲ. ಉಪ್ಪು ಬೇಕಿತ್ತು, ಕೇಳುವಂತಿಲ್ಲ. ಎದುರಿದ್ದ ಸಿಸ್ಟರ್ ನನ್ನ ಕಣ್ಣು ಹೋದ ಕಡೆ ನೋಡಿ ಉಪ್ಪಿನ ಬಟ್ಟಲು ಸರಿಸಿದರು. ಅಮ್ಮ ಊಟ ಮುಗಿಸಿ ತಟ್ಟೆ ತೊಳೆದು ಸೀದಾ ಅಡುಗೆಮನೆಗೆ ಹೋಗಿ ಅವರೇಕಾಯಿ ಬಿಡಿಸಲು ಕುಳಿತಳು. ಸಿಸ್ಟರ್ ಆನ್ಸಿ ಹೋಗಿ ಕೈಹಿಡಿದು ಎಬ್ಬಿಸಿಕೊಂಡು ಬಂದರು. ಅರ್ಧ ಗಂಟೆಯ ಮೇಲೆ ನೋಡಿದರೆ ಮತ್ತೆ ಅಲ್ಲೇ ಇದ್ದಳು.

ಸಂಜೆ ಫಾದರ್ ಇನ್ನಾಸಪ್ಪನವರ ಮೊದಲ ಉಪನ್ಯಾಸ. ಎಂಬತ್ತು ದಾಟಿದ ತೆಳ್ಳನೆಯ ಮನುಷ್ಯ, ದನಿ ಮಾತ್ರ ಗಟ್ಟಿ. ಪ್ರಾರ್ಥನೆ ಶುರುವಾಗುವುದು ಮಾತಿನಿಂದ, ಆಮೇಲೆ ಮಾತು ಕಡಿಮೆಯಾಗುತ್ತದೆ, ಆಮೇಲೆ ದೇವರ ಬಗೆಗಿನ ಯೋಚನೆಯೂ ಬಿದ್ದುಹೋಗುತ್ತದೆ, ಕೊನೆಗೆ ಕತ್ತಲಲ್ಲಿ ಒಬ್ಬರ ಎದುರು ಒಬ್ಬರು ಇರುವುದಷ್ಟೇ ಉಳಿಯುತ್ತದೆ ಎಂದರು. ಆ ದಾರಿಯಲ್ಲಿ ನಡೆಯುವವರಿಗೆ ದೀನತೆ ಎಂಬುದು ಅಲಂಕಾರವಲ್ಲ, ಅದು ಕಾಲಿಗೆ ಹಾಕುವ ಚಪ್ಪಲಿ, ಅದಿಲ್ಲದೆ ಮುಳ್ಳು ದಾಟಲಾಗದು ಎಂದರು. ನಾನು ಎಲ್ಲವನ್ನೂ ಬರೆದುಕೊಂಡೆ.

ಉಪನ್ಯಾಸದ ಮೇಲೆ ಒಂದು ಗಂಟೆ ಮೌನ. ಪ್ರಾರ್ಥನಾಲಯದಲ್ಲಿ ಎಲ್ಲರೂ ಕುಳಿತೆವು. ನಾನು ಕಣ್ಣು ಮುಚ್ಚಿದ ಕೂಡಲೇ ತಿದ್ದದೆ ಬಿಟ್ಟುಬಂದ ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳು ಬಂದವು. ಅವನ್ನು ಓಡಿಸಿದರೆ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ. ಅದರ ಹಿಂದೆ, ನಾಳೆ ಅಮ್ಮ ಭಾಷಣದ ಎರಡನೇ ಪುಟ ಬಿಟ್ಟು ಮೂರನೆಯದಕ್ಕೆ ಹಾರಿಬಿಟ್ಟರೆ? ಕಣ್ಣು ತೆರೆದು ನೋಡಿದೆ. ಅಮ್ಮ ಮುಂದಿನ ಸಾಲಿನಲ್ಲಿ ಕೈಗಳನ್ನು ಮಡಿಲಲ್ಲಿ ಬಿಟ್ಟು ಕುಳಿತಿದ್ದಳು. ಬೆನ್ನು ಸ್ವಲ್ಪ ಬಾಗಿತ್ತು. ಒಂದು ಗಂಟೆಯಲ್ಲಿ ಒಮ್ಮೆಯೂ ಅಲುಗಲಿಲ್ಲ. ಎದ್ದು ಹೋಗುವಾಗ ಇಬ್ಬರು ಚಿಕ್ಕ ಸಿಸ್ಟರ್‌ಗಳು ಅವಳ ಕಡೆ ನೋಡಿ ಪರಸ್ಪರ ತಲೆಯಾಡಿಸಿದ್ದನ್ನು ಕಂಡೆ. ನನ್ನ ಎದೆ ಉಬ್ಬಿತು. ಇವಳು ನನ್ನಮ್ಮ ಎಂದು ಹೇಳಿಕೊಳ್ಳಲು ಮೌನದ ನಿಯಮ ಅಡ್ಡ ಬಂದಿತ್ತು, ಇಲ್ಲದಿದ್ದರೆ ಹೇಳಿಯೇಬಿಡುತ್ತಿದ್ದೆ.

ಶನಿವಾರ ಬೆಳಿಗ್ಗೆ ಉಪ್ಪಿಟ್ಟು, ಬಾಳೆಹಣ್ಣು. ಹನ್ನೊಂದಕ್ಕೆ ಅಮ್ಮನ ಸರದಿ. ಹತ್ತೂ ಮುಕ್ಕಾಲಿಗೆ ಕೋಣೆಯಲ್ಲಿ ಅಮ್ಮ ಚೀಲ ತೆರೆದು ಮೂರು ಹಾಳೆಗಳನ್ನು ನನ್ನ ಕೈಗಿಟ್ಟಳು.

"ಇದು ಚೆನ್ನಾಗಿ ಬರ್ದಿದ್ದೀಯ ಕಣೆ. ಆದ್ರೆ ಇದು ನಂದಲ್ಲ."

"ಅಮ್ಮಾ, ಈಗ ಹಿಂಗಂದ್ರೆ ಹೆಂಗೆ? ಅಲ್ಲಿ ಏನ್ ಹೇಳ್ತೀಯ?"

"ಆಗಿದ್ದನ್ನ ಹೇಳ್ತೀನಿ. ನಾನು ಹೇಳಿದ್ದಷ್ಟನ್ನ ನೀನು ಇಂಗ್ಲಿಷಲ್ಲಿ ಹೇಳು. ಜಾಸ್ತಿ ಸೇರಿಸ್ಬೇಡ."

ನನಗೆ ಸಿಟ್ಟು ಬಂತು. ಆದರೆ ಗಂಟೆ ಬಾರಿಸಿದರು, ಹೋಗಲೇಬೇಕಾಯಿತು. ಸಭಾಂಗಣದಲ್ಲಿ ಎರಡು ಕುರ್ಚಿ ಹಾಕಿದ್ದರು. ಅಮ್ಮ ಮಾಸಿದ ನೀಲಿ ಹತ್ತಿ ಸೀರೆಯಲ್ಲಿ ಕುಳಿತಳು, ಪಕ್ಕದಲ್ಲಿ ನಾನು. ಫಾದರ್ ಇನ್ನಾಸಪ್ಪನವರು ಕೆಳಗೆ ಎಲ್ಲರ ಜೊತೆ ಕುಳಿತು, "ಲೂರ್ದಮ್ಮನವರೇ, ನೀವು ಈ ಮೌನದ ಪ್ರಾರ್ಥನೆ ಹೇಗೆ ಶುರು ಮಾಡಿದ್ರಿ, ಅದನ್ನೇ ಹೇಳಿ" ಎಂದರು.

"ಪ್ರಾರ್ಥನೆ ಮಾಡ್ಬೇಕು ಅಂತ ಕೂತಿದ್ದಲ್ಲ ಸ್ವಾಮಿ" ಎಂದಳು ಅಮ್ಮ. "ಮುನಿಸ್ಕೊಂಡು ಕೂತಿದ್ದು."

ಅನುವಾದದ ಮೊದಲ ವಾಕ್ಯದಲ್ಲೇ ನಾನು ಎಡವಿದೆ. ಕೋಪಕ್ಕೆ ಇಂಗ್ಲಿಷಿನಲ್ಲಿ ಹತ್ತು ಪದಗಳಿವೆ. ಮುನಿಸಿಗೆ ಸಿಗಲಿಲ್ಲ. ಏನೇನೋ ಹೇಳಿ ತಡವರಿಸಿದೆ. ಹಿಂದಿನ ಸಾಲಿನಿಂದ ವಯಸ್ಸಾದ ಮಲಯಾಳಿ ಸಿಸ್ಟರ್ ಒಬ್ಬರು, "ಪಿಣಕ್ಕಂ!" ಎಂದು ಕೂಗಿದರು. ಕೇರಳದವರೆಲ್ಲ ನಕ್ಕರು, ಅವರು ಉಳಿದವರಿಗೆ ವಿವರಿಸಿದರು. ಅಮ್ಮನಿಗೆ ಧೈರ್ಯ ಬಂತು.

"ಹತ್ತೊಂಬತ್ತು ವರ್ಷ ಚರ್ಚಿನ ಗಾನವೃಂದದಲ್ಲಿ ಹಾಡ್ದೆ. ಮುಂದೆ ನಿಂತು ಎತ್ಕೊಡ್ತಿದ್ದಿದ್ದು ನಾನೇ. ಶಾಲೆಲಿ ಮಕ್ಕಳ ಮೂಗು ಒರೆಸೋಳು, ಭಾನುವಾರ ಮಾತ್ರ ಎಲ್ರೂ ನನ್ ಕಡೆ ನೋಡೋರು. ಅದು ನಂಗೆ ಬೇಕಾಗಿತ್ತು. ಒಂದು ವರ್ಷ ಪಾಸ್ಕಹಬ್ಬದ ಹಿಂದಿನ ವಾರ ಪ್ರಾಕ್ಟೀಸ್ ನಡೀತಿತ್ತು. ಎಲ್ಲರ ಮುಂದೆ ಒಬ್ರು, ನಿಮ್ಮ ಶ್ರುತಿ ಬಿಡ್ತಾ ಇದೆ, ಇನ್ಮೇಲೆ ಕೆಳಗೆ ಜನರ ಜೊತೆ ಕೂತ್ಕೊಳ್ಳಿ ಅಂದ್ರು."

ನಾನು ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತ ಯೋಚಿಸಿದೆ: ಯಾರಿರಬಹುದು? ಆಗ ಹಾರ್ಮೋನಿಯಂ ನುಡಿಸುತ್ತಿದ್ದ ಸಿಡುಕು ಮೋರೆಯ ಮೇಷ್ಟ್ರೊಬ್ಬರು ನೆನಪಾದರು. ಅಮ್ಮ ಹಾಡುವುದನ್ನು ಬಿಟ್ಟದ್ದು ಸುಸ್ತಾಗುತ್ತದೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ, ಬೇರೆಯವರಿಗೂ ಹಾಗೆಯೇ ಹೇಳಿದ್ದೆ.

"ಅಷ್ಟಂದು, ನನ್ನ ಕೈಲಿದ್ದ ಹಾಡಿನ ಪುಸ್ತಕಾನ ತಗೊಂಡು, ಪಕ್ಕದಲ್ಲಿ ನಿಂತಿದ್ದ ಹುಡುಗಿಗೆ ಕೊಟ್ರು" ಎಂದಳು ಅಮ್ಮ.

ಆ ಪುಸ್ತಕಕ್ಕೆ ಹಸಿರು ರೆಕ್ಸಿನ್ ಹೊದಿಕೆ ಇತ್ತು. ಅಂಚು ಸವೆದಿತ್ತು. ಅದನ್ನು ತೆಗೆದುಕೊಂಡ ಕೈ ನನ್ನದು.

ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಪಿಯಾನೋ ಪರೀಕ್ಷೆ ಪಾಸು ಮಾಡಿ, ಗಾನವೃಂದದ ಹೊಣೆಯನ್ನು ಆ ತಿಂಗಳೇ ವಹಿಸಿಕೊಂಡಿದ್ದೆ. ಎಲ್ಲವೂ ಸರಿಯಾಗಬೇಕಿತ್ತು. ಸ್ವಂತ ತಾಯಿ ಎಂದು ರಿಯಾಯಿತಿ ತೋರಿಸಿದಳು ಎಂದು ಯಾರೂ ಅನ್ನಬಾರದಿತ್ತು. ಆ ವರ್ಷದ ಪಾಸ್ಕಹಬ್ಬದ ಹಾಡುಗಳನ್ನು ಎಲ್ಲರೂ ಹೊಗಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಆ ದಿನ ಎಲ್ಲಿ ಕುಳಿತಿದ್ದಳು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಅಮ್ಮ ನನ್ನ ಕಡೆ ತಿರುಗಲೇ ಇಲ್ಲ. ಹೆಸರು ಹೇಳದೆ, ಬಹುವಚನ ಹಚ್ಚಿ, ನನ್ನನ್ನು ಸೆರಗಿನಲ್ಲಿ ಮುಚ್ಚಿಟ್ಟ ಹಾಗೆ ಮಾತಾಡಿದ್ದಳು. ನಾನು ಯಾರೋ ಒಬ್ಬರು ಎಂದೇ ಇಂಗ್ಲಿಷಿನಲ್ಲಿ ಮುಂದುವರಿಸಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಮೂವತ್ತೈದು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಪುಸ್ತಕದ ಮಾತನ್ನು ಹೇಳಿದೆ. ಆಮೇಲೆ, ಆ ಒಬ್ಬರು ನಾನೇ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅಮ್ಮನಿಗೂ ಗೊತ್ತಾಗಲಿ ಎಂದು ಕನ್ನಡದಲ್ಲೂ ಹೇಳಿದೆ.

ಅಮ್ಮ ತಟ್ಟನೆ ತಿರುಗಿದಳು. "ನಾನು ಹೆಸ್ರು ಹೇಳಿದ್ನಾ? ನಾನು ಹೇಳಿದ್ದಷ್ಟನ್ನ ಹೇಳು ಅಂದ್ರೆ ಜಾಸ್ತಿ ಸೇರಿಸ್ತೀಯಲ್ಲ!"

ಕನ್ನಡ ಬಂದವರು ನಕ್ಕರು. ಸಿಸ್ಟರ್ ಆನ್ಸಿ ನಗಲಿಲ್ಲ. ಎದ್ದು ಬಂದು ನನಗೊಂದು ಲೋಟ ನೀರು ಕೊಟ್ಟರು. ನೀರು ಕುಡಿದು, "ಮುಂದೆ ಹೇಳಮ್ಮ" ಎಂದೆ.

"ಆವತ್ತು ಪ್ರಾಕ್ಟೀಸಿಂದ ಮನೆಗೋದೆ, ಅಡುಗೆ ಮಾಡ್ದೆ. ಮಾರನೇ ದಿನ ಶಾಲೆ ಮುಗಿಸ್ಕೊಂಡು ಮೂರು ಗಂಟೆಗೆ ಚರ್ಚಿಗೋದೆ. ದೇವರನ್ನ ಕೇಳೋಣ ಅಂತ. ಹೋದ್ಮೇಲೆ ಕೇಳಕ್ಕೂ ಮನಸ್ಸಾಗ್ಲಿಲ್ಲ. ನಿನಗೆ ಅಂತ ಹತ್ತೊಂಬತ್ತು ವರ್ಷ ಹಾಡಿದ್ದೀನಿ, ಇನ್ನು ಹಾಡಲ್ಲ, ಮಾತೂ ಆಡಲ್ಲ, ಜಪಾನೂ ಮಾಡಲ್ಲ. ಮೊದ್ಲು ನೀನು ಮಾತಾಡು ಅಂತ ಬಾಯಿ ಮುಚ್ಕೊಂಡು ಕೂತೆ. ಅವನೂ ಮಾತಾಡ್ಲಿಲ್ಲ. ಮಾರನೇ ದಿನ ಮತ್ತೆ ಹೋದೆ. ಇಬ್ರಿಗೂ ಹಠ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಯಾರೂ ನಗಲಿಲ್ಲ.

"ಎರಡು ವರ್ಷ ಆಗಿರ್ಬೇಕು. ಒಂದಿನ ಕೂತಿದ್ದಾಗ ನೋಡ್ತೀನಿ, ಮುನಿಸು ಇಲ್ಲ. ಎಲ್ಲೋಯ್ತು ಅಂತ ಹುಡುಕ್ದೆ. ಸಿಗ್ಲಿಲ್ಲ. ಮುನಿಸು ಹೋಯ್ತಲ್ಲ, ಇನ್ನು ಮನೆಗೋಗ್ಬೋದು ಅನ್ಕೊಂಡೆ. ಏಳಕ್ಕೆ ಮನಸ್ಸು ಬರ್ಲಿಲ್ಲ. ಅಷ್ಟೇ. ಅಲ್ಲಿಂದ ಇಲ್ಲಿವರ್ಗೂ ಏಳಕ್ಕೆ ಮನಸ್ಸು ಬರದೆ ಕೂರ್ತಿದ್ದೀನಿ."

ಜಾರ್ಖಂಡಿನ ಒಬ್ಬ ಚಿಕ್ಕ ಸಿಸ್ಟರ್ ಕೈಯೆತ್ತಿದಳು. ಕೊನೆಗಾದರೂ ದೇವರು ಮಾತಾಡಿದನೇ ಎಂದು ಕೇಳಿದಳು. "ಇಲ್ಲ ಮಗಳೇ" ಎಂದಳು ಅಮ್ಮ. "ಆದ್ರೆ ಎದ್ದೂ ಹೋಗ್ಲಿಲ್ಲ."

ಗುರುಮಠದ ವಿದ್ಯಾರ್ಥಿಯೊಬ್ಬ ದೀನತೆ ಎಂದರೇನು, ಅದನ್ನು ಹೇಗೆ ಬೆಳೆಸಿಕೊಳ್ಳಬೇಕು ಎಂದು ಕೇಳಿದ. ಅಮ್ಮ ನನ್ನ ಕಡೆ ನೋಡಿ, "ಅಂಥ ದೊಡ್ಡ ಮಾತು ಗೊತ್ತಿಲ್ಲ, ಸ್ವಾಮ್ಯೋರನ್ನ ಕೇಳಕ್ಕೇಳು" ಎಂದಳು. ನಾನು ಅದನ್ನೇ ಹೇಳಿದೆ. ಅಮ್ಮ ಮತ್ತೆ ನನ್ನ ಮೊಣಕೈ ಮುಟ್ಟಿದಳು. "ಇನ್ನೊಂದಿದೆ. ಶ್ರುತಿ ಬಿಡ್ತಿದ್ದದ್ದು ನಿಜ. ಇವಳು ಹೇಳಿದ್ದು ಸರಿಯಾಗೇ ಇತ್ತು. ಇವಳು ಸರಿ ಅಂತ ಒಪ್ಕೊಳ್ಳಕ್ಕೆ ನಂಗೆ ಎರಡು ವರ್ಷ ಬೇಕಾಯ್ತು. ಅದನ್ನೂ ಹೇಳು."

ಆ ವಾಕ್ಯವನ್ನು ನಾನು ಹೇಗೆ ಇಂಗ್ಲಿಷಿಗೆ ದಾಟಿಸಿದೆನೋ ತಿಳಿಯದು. ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಲ್ಲಿ ಹಾಗೆ ತಟ್ಟುವ ಪದ್ಧತಿಯಿಲ್ಲ. ಎಲ್ಲರೂ ಕುಳಿತೇ ಇದ್ದರು. ಈಜುಕೊಳದ ಕಡೆಯಿಂದ ಯಾವುದೋ ಮಗು ಧುಮುಕಿದ ಸದ್ದು ಬಂತು. ಅಮ್ಮ ಎದ್ದು ಸೆರಗು ಸರಿಮಾಡಿಕೊಂಡು, ಅಡುಗೆಮನೆಯ ಕಡೆ ಹೋದಳು. ಈ ಸಲ ಸಿಸ್ಟರ್ ಆನ್ಸಿ ಅವಳನ್ನು ತಡೆಯಲಿಲ್ಲ, ತಾವೂ ಹಿಂದೆ ಹೋಗಿ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತರು.

ಊಟದ ಮೇಲೆ ಅಮ್ಮನನ್ನು ಮಾವಿನ ಮರದ ಕೆಳಗಿನ ಕಲ್ಲುಬೆಂಚಿಗೆ ಕರೆದುಕೊಂಡು ಹೋದೆ. ಸಣ್ಣ ಮಿಡಿಗಳು ಉದುರಿದ್ದವು. ಬಿಸಿಲಿದ್ದರೂ ಗಾಳಿ ಇತ್ತು. ಮೌನದ ನಿಯಮವನ್ನು ನಾನೇ ಮುರಿದೆ.

"ಹೇಳ್ಬಹುದಿತ್ತಲ್ಲಮ್ಮ. ಇಪ್ಪತ್ನಾಲ್ಕು ವರ್ಷ ಒಂದೇ ಮನೇಲಿದ್ದೀವಿ."

"ನಿಂಗೆ ನೆನಪೇ ಇರ್ಲಿಲ್ವಾ?"

"ಇಲ್ಲ."

ಅಮ್ಮ ಒಂದು ಮಿಡಿ ಎತ್ತಿಕೊಂಡು ಮೂಸಿದಳು. "ಮೊದ್ಮೊದ್ಲು ನೀನು ಬೇಕಂತ ಮರೆತಂಗೆ ಆಡ್ತೀಯ ಅನ್ಕೊಂಡಿದ್ದೆ. ನಿಜ್ವಾಗ್ಲೂ ಮರ್ತಿದ್ದೀಯ ಅಂತ ಆಮೇಲೆ ಗೊತ್ತಾಯ್ತು. ಅದು ಇನ್ನೂ ನೋವಾಯ್ತು."

"ತಪ್ಪಾಯ್ತಮ್ಮ."

"ಹೂಂ."

"ಆಗಲೇ ಹೇಳಿದ್ರೆ ಆಗಲೇ ಕ್ಷಮೆ ಕೇಳ್ತಿದ್ದೆ."

"ಕೇಳ್ತಿದ್ದೆ. ನಾನೂ ಆಯ್ತು ಬಿಡು ಅಂತಿದ್ದೆ. ಆಮೇಲೆ ಮೂರು ಗಂಟೆಗೆ ಮನೇಲಿ ಮಲಗ್ತಿದ್ದೆ" ಎಂದಳು ಅಮ್ಮ. "ನೀನು ಹಂಗಂದಿದ್ದು ಒಳ್ಳೇದಾಯ್ತು ಅಂತ ನಾನು ಹೇಳಲ್ಲ. ಎಲ್ಲರ ಮುಂದೆ ಅನ್ಬಾರ್ದಿತ್ತು. ಮನೇಲಿ ಹೇಳ್ಬೇಕಿತ್ತು" ಎಂದಳು. ಅಷ್ಟು ಹೇಳಿ, ಮಿಡಿಯನ್ನು ನನ್ನ ಕೈಗೆ ಕೊಟ್ಟು ಮಲಗಲು ಹೋದಳು.

ನಾನು ಅಲ್ಲೇ ಕುಳಿತಿದ್ದೆ. ನಾಚಿಕೆಯಾಗಿತ್ತು, ನಿಜ. ಆದರೆ ನಾಚಿಕೆಯ ಕೆಳಗೆ ಇನ್ನೊಂದು ಇತ್ತು, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಎರಡು ವಾರದಿಂದ ನಾನು ಊರೆಲ್ಲ ಹೆಮ್ಮೆಪಟ್ಟುಕೊಂಡು ತಿರುಗಿದ್ದದ್ದು ನಾನೇ ಬರೆದ ಮೂರು ಪುಟದ ಅಮ್ಮನ ಬಗ್ಗೆ. ಬೆಳಿಗ್ಗೆ ಆ ಕುರ್ಚಿಯಲ್ಲಿ ಕುಳಿತಿದ್ದವಳು ಅವಳಿಗಿಂತ ಎಷ್ಟೋ ದೊಡ್ಡವಳು. ದೇವರ ಜೊತೆ ಎರಡು ವರ್ಷ ಹಠ ಹಿಡಿದವಳು, ಗೆಲ್ಲದೆ ಸೋಲದೆ ಅಲ್ಲೇ ಉಳಿದುಕೊಂಡವಳು. ಮಗಳ ತಪ್ಪನ್ನು ಮೂವತ್ತೈದು ಜನರ ಮುಂದೆಯೂ ಬಹುವಚನದಲ್ಲಿ ಆಡಿದವಳು. ಅವಳ ಹೊಟ್ಟೆಯಲ್ಲಿ ಹುಟ್ಟಿದ್ದೇನೆ ಎಂದು ನನಗೆ ಹೆಮ್ಮೆಯಾಯಿತು.

ಸಂಜೆಯ ಮೌನದ ಗಂಟೆಯಲ್ಲಿ ಅಮ್ಮನ ಪಕ್ಕದಲ್ಲೇ ಹೋಗಿ ಕುಳಿತೆ. ವಿಶೇಷವೇನೂ ಆಗಲಿಲ್ಲ. ಉತ್ತರಪತ್ರಿಕೆಗಳು ಬಂದವು, ಹೋದವು. ಒಂದು ಕಾಲು ಗಂಟೆ ನಿದ್ದೆಯೂ ಬಂದಿರಬೇಕು, ಏಕೆಂದರೆ ಅಮ್ಮನ ಭುಜದ ಮೇಲೆ ನನ್ನ ತಲೆ ಇತ್ತು. ಅಮ್ಮ ಭುಜ ಸರಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಲಿಪೂಜೆ, ಅಂದರೆ ಮಾಸ್, ಆಮೇಲೆ ಇಡ್ಲಿ, ಕಾಯಿಚಟ್ನಿ. ಮೊಬೈಲ್ ಚೀಲಗಳನ್ನು ಹಿಂದಿರುಗಿಸಿದರು. ನನ್ನದರಲ್ಲಿ ಅರವತ್ತಕ್ಕೂ ಹೆಚ್ಚು ಮೆಸೇಜುಗಳಿದ್ದವು, ಒಂದೂ ತುರ್ತಿನದಲ್ಲ. ಮೌನ ಮುಗಿಯಿತು ಎಂದ ಕೂಡಲೇ ಅಂಗಳದಲ್ಲಿ ಹಕ್ಕಿ ಗುಂಪಿನ ಹಾಗೆ ಗದ್ದಲವಾಯಿತು. ಜಾರ್ಖಂಡಿನ ಚಿಕ್ಕ ಸಿಸ್ಟರ್ ಬಂದು ಅಮ್ಮನ ಎರಡೂ ಕೈ ಹಿಡಿದುಕೊಂಡು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ನನ್ನ ಅನುವಾದ ಇಬ್ಬರಿಗೂ ಬೇಕಾಗಲಿಲ್ಲ.

ಫಾದರ್ ಇನ್ನಾಸಪ್ಪನವರು ಗೇಟಿನವರೆಗೆ ಕೋಲೂರಿಕೊಂಡು ಬಂದರು. ಅಮ್ಮ ಆಶೀರ್ವಾದಕ್ಕೆ ತಲೆ ಬಗ್ಗಿಸಿದಳು. ಅವರು ಕೈಯಿಟ್ಟು ಆಶೀರ್ವದಿಸಿ, ಕೈ ತೆಗೆಯದೆಯೇ ಹೇಳಿದರು: "ನಲವತ್ತು ವರ್ಷ ಇದನ್ನ ಪಾಠ ಮಾಡಿದೆ ಲೂರ್ದಮ್ಮ. ನಾನು ದೇವರ ಹತ್ರ ಒಂದು ದಿನಾನೂ ಮುನಿಸ್ಕೊಂಡಿಲ್ಲ. ಯಾಕೆ ಅಂತ ರಾತ್ರಿಯಿಂದ ಯೋಚಿಸ್ತಾ ಇದ್ದೀನಿ. ಅಷ್ಟು ಸಲಿಗೆ ಇರ್ಲಿಲ್ಲ ಅನ್ಸುತ್ತೆ."

"ಇನ್ನೂ ಟೈಮಿದೆ ಸ್ವಾಮಿ" ಎಂದಳು ಅಮ್ಮ.

ಮುದುಕರು ಗೇಟಿನ ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾವು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದರು.

ವಾಪಸು ಬರುವಾಗ ಮೆಟ್ರೋ ಬೇಡ ಎಂದಳು ಅಮ್ಮ. ಬನ್ನೇರುಘಟ್ಟ ರಸ್ತೆಗೆ ನಡೆದು ಬಂದು ನಲವತ್ತು ನಿಮಿಷ ಕಾದ ಮೇಲೆ ಬನಶಂಕರಿಯ ಬಸ್ಸು ಸಿಕ್ಕಿತು. ಭಾನುವಾರವಾದ್ದರಿಂದ ಕೂರಲು ಜಾಗವಿತ್ತು. ಮೂವರ ಸೀಟಿನಲ್ಲಿ ಕಿಟಕಿಯ ಬಳಿ ನಾನು, ನಡುವೆ ಅಮ್ಮ, ಅಂಚಿನಲ್ಲಿ ಸೊಪ್ಪಿನ ಬ್ಯಾಗು ಹಿಡಿದ, ನನಗಿಂತ ಚಿಕ್ಕ ವಯಸ್ಸಿನ ಒಬ್ಬ ಹೆಂಗಸು. ಜೆ.ಪಿ. ನಗರ ಬರುವ ಹೊತ್ತಿಗೆ ಅಮ್ಮ ಅವಳ ಊರು, ಕೆಲಸ, ಅತ್ತೆಯ ಸಕ್ಕರೆ ಕಾಯಿಲೆ ಎಲ್ಲವನ್ನೂ ತಿಳಿದುಕೊಂಡಿದ್ದಳು.

"ನೀವು ಎಲ್ಲಿಗೋಗಿದ್ರಿ ಅಜ್ಜಿ?" ಎಂದು ಅವಳು ಕೇಳಿದಳು.

"ಇಲ್ಲೇ, ಸಿಸ್ಟರ್‌ಗಳ ಹತ್ರ. ಇವಳು ನನ್ನ ಮಗಳು. ಮೂವತ್ತೈದು ಜನರ ಮುಂದೆ ಒಂದು ಗಂಟೆ ಇಂಗ್ಲಿಷಲ್ಲಿ ಮಾತಾಡಿದ್ಲು. ಎಲ್ಲಾ ದೊಡ್ಡ ದೊಡ್ಡ ಓದಿರೋರು, ಬಾಯಿ ಬಿಟ್ಕೊಂಡು ಕೇಳಿದ್ರು."

"ಅಮ್ಮಾ..." ಎಂದೆ ನಾನು.

"ಹೌದಾ ಮೇಡಂ? ಯಾವ್ದರ ಮೇಲೆ ಮಾತಾಡಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಅವಳ ಕಡೆ ಬಾಗಿ, ಇಡೀ ಬಸ್ಸಿಗೆ ಕೇಳುವ ದನಿಯಲ್ಲಿ ಹೇಳಿದಳು: "ತನ್ನದೇ ಒಂದು ತಪ್ಪನ್ನ ತಾನೇ ಎಲ್ಲರ ಮುಂದೆ ಹೇಳ್ಕೊಂಡ್ಲು. ಯಾರೂ ಕೇಳಿರ್ಲಿಲ್ಲ, ನಾನು ಮುಚ್ಚಿಟ್ಟಿದ್ದೆ. ಅಷ್ಟು ಗಟ್ಟಿ ಗುಂಡಿಗೆ ಎಷ್ಟು ಜನಕ್ಕಿರುತ್ತೆ, ನೀವೇ ಹೇಳಿ?"

ಆ ಹೆಂಗಸು ಬಗ್ಗಿ ನನ್ನನ್ನೊಮ್ಮೆ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ. ಗಾಜಿನಲ್ಲಿ ಅಮ್ಮನ ಮುಖ ಕಾಣುತ್ತಿತ್ತು. ಬೆನ್ನು ನೆಟ್ಟಗೆ ಮಾಡಿಕೊಂಡು, ಗದ್ದ ಎತ್ತಿ ಕುಳಿತಿದ್ದಳು. ಆ ಮುಖದಲ್ಲಿ ಇದ್ದದ್ದಂತೂ ದೀನತೆ ಅಲ್ಲವೇ ಅಲ್ಲ.